ಹಂಚಿನ ಮೇಲೆ ಒಣಗಿದ ವೆಲ್ಡಿಂಗ್ ಕಡ್ಡಿಗಳು

ಇದನ್ನು ಹೇಳಲು ನೀನು ಯಾರು ಎಂದು ಯಾರಾದರೂ ಕೇಳಬಹುದು. ಅದಕ್ಕೇ ಮೊದಲು ಕ್ಷಮೆ ಕೇಳಿಕೊಳ್ಳುತ್ತೇನೆ. ವೆಲ್ಡಿಂಗ್ ಮಾಡಿ ಹೊಟ್ಟೆ ಹೊರೆಯುವವರು ಓದಿದರೆ ನಗಬಹುದು, ಬಯ್ಯಲೂಬಹುದು. ನಾನು ಕಾರ್ಖಾನೆಯೊಂದರ ಸ್ಟೋರಿನಲ್ಲಿ ಸಾಮಾನು ಎತ್ತಿಕೊಡುವವನು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ವೆಲ್ಡಿಂಗ್ ಕಡ್ಡಿಗಳ ಪೊಟ್ಟಣಗಳನ್ನು ಕಪಾಟಿನಿಂದ ತೆಗೆದುಕೊಟ್ಟು ಗೊತ್ತೇ ಹೊರತು ಕಿಡಿ ಎಬ್ಬಿಸಿ ಗೊತ್ತಿರಲಿಲ್ಲ. ಆದರೂ ಆ ವಾರ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ನೆಮ್ಮದಿಯಿಲ್ಲ.

ಗೋವಾದ ಚಿಂಬಲ್‌ನ ಇಳಿಜಾರಿನಲ್ಲಿ ನಮ್ಮ ಬಾಡಿಗೆ ಮನೆ. ನಾನು, ಹೆಂಡತಿ ಗೀತಾಂಜಲಿ, ತಾಯಿ ಬಾಳಮ್ಮ. ಅತ್ತೆ ಸೊಸೆ ಇಬ್ಬರೂ ಬೆಳಕು ಹರಿಯುವ ಮೊದಲೇ ಎದ್ದು ಜೋಳದ ರೊಟ್ಟಿ ಬಡಿಯುತ್ತಾರೆ. ಗೀತಾಂಜಲಿ ಅವನ್ನು ಹಳೆಯ ಓಮ್ನಿಯಲ್ಲಿ ತುಂಬಿಕೊಂಡು ಕಟ್ಟಡ ಏಳುತ್ತಿರುವ ಕಡೆಗೆಲ್ಲ ಒಯ್ಯುತ್ತಾಳೆ. ಅಲ್ಲಿ ದುಡಿಯುವವರಲ್ಲಿ ಉತ್ತರ ಕರ್ನಾಟಕದ ನಮ್ಮ ಕಡೆಯವರೇ ಹೆಚ್ಚು; ಅನ್ನ ತಿಂದರೆ ಅವರಿಗೆ ಉಂಡಂತಾಗುವುದಿಲ್ಲ.

ಗಾಡಿ ಕೊಳ್ಳುವ ಮೊದಲು ಆಕೆ ಕೂಲಿಗಾಗಿ ನಾಕಾದಲ್ಲಿ ನಿಲ್ಲುತ್ತಿದ್ದಳು. ಬೆಳಿಗ್ಗೆ ಕೂಲಿಯವರು ರಸ್ತೆ ಕೂಡುವಲ್ಲಿ ಸಾಲಾಗಿ ನಿಲ್ಲುತ್ತಾರೆ. ಗುತ್ತಿಗೆದಾರರು ಬಂದು ಮೈಕೈ ನೋಡಿ, ಬೆರಳು ತೋರಿಸಿ ಕರೆದೊಯ್ಯುತ್ತಾರೆ. ಒಮ್ಮೆ ಹಾಗೆ ತನ್ನನ್ನು ಕರೆದೊಯ್ದವನೊಬ್ಬನ ವಿಷಯವನ್ನು ಆಕೆ ನನಗೆ ಪೂರ್ತಿ ಹೇಳಿಲ್ಲ. ಈಗಲೂ ಆ ರಸ್ತೆ ತಪ್ಪಿಸಲು ಗಾಡಿಯನ್ನು ಸುತ್ತು ಹಾಕಿ ಓಡಿಸುತ್ತಾಳೆ.

ಗಾಡಿಗೆ ಹದಿನೈದು ವರ್ಷ ತುಂಬಿತ್ತು. ಆರ್.ಟಿ.ಓ. ತಪಾಸಣೆಯಲ್ಲಿ ಮತ್ತೊಮ್ಮೆ ಪಾಸಿಂಗ್ ಆಗದಿದ್ದರೆ ರಸ್ತೆಗೆ ಇಳಿಸುವಂತಿಲ್ಲ. ಮುಂದಿನ ಸೋಮವಾರಕ್ಕೆ ದಿನ ಕೊಟ್ಟಿದ್ದರು. ಅದಕ್ಕೂ ಕೆಲವು ದಿನ ಮೊದಲು ಆಕೆ ಬ್ರೇಕ್ ಒತ್ತಿದಾಗ ಹಿಮ್ಮಡಿ ತಳದೊಳಗೇ ಇಳಿಯಿತು. ಮ್ಯಾಟ್ ಎತ್ತಿ ನೋಡಿದರೆ ಕೆಳಗಿನ ರಸ್ತೆ ಕಾಣುತ್ತಿತ್ತು. ಗೋವಾದ ಮಳೆಗಾಲ, ಉಪ್ಪುಗಾಳಿ ಎರಡೂ ಸೇರಿ ತಗಡನ್ನು ತಿಂದುಹಾಕಿದ್ದವು. ಅದಕ್ಕಿಂತ ಕೆಟ್ಟದ್ದೆಂದರೆ ಡ್ರೈವರ್ ಸೀಟಿನ ಪಕ್ಕದ ಕಂಬದ ಬುಡ. ಸೀಟ್ ಬೆಲ್ಟಿನ ಬೋಲ್ಟು ಕೂಡುವ ಆ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತಿತ್ತು.

ಪರಿಚಯದ ಗ್ಯಾರೇಜಿನ ಥಾವರಪ್ಪ ಬಗ್ಗಿ ನೋಡಿ, ಕೈ ಒರೆಸಿಕೊಂಡ. ನಾನು ಸ್ಟೋರಿನಲ್ಲಿ ಕುರ್ಚಿಯ ಮೇಲೆ ಕೂರುವವನೆಂದು ಅವನಿಗೆ ನಾನು ಯಾವಾಗಲೂ ಸಾಹೇಬ.

“ಸಾಹೇಬ್ರ, ಇದಕ್ಕ ವೆಲ್ಡಿಂಗ್ ಮಾಡೂದಂದ್ರ ಹಪ್ಪಳಕ್ಕ ಹೊಲಿಗಿ ಹಾಕಿದಂಗ. ಚೌತಿ ತನಕಾ ನನ್ನ ಕೈ ಖಾಲಿ ಇಲ್ಲ. ಅವಸರ ಇದ್ರ ಗುಜರಿಗೆ ಹಾಕ್ರಿ.”

ಬೇರೆ ಗ್ಯಾರೇಜುಗಳಲ್ಲೂ ಇದೇ ಮಾತು. ಚೌತಿಗೆ ಊರಿಗೆ ಹೋಗುವವರ ಗಾಡಿಗಳು ಎಲ್ಲ ಕಡೆ ತುಂಬಿದ್ದವು. ಮನೆಗೆ ಬಂದು ಹೇಳಿದೆ. ಗೀತಾಂಜಲಿ ಟ್ರಂಕಿನ ತಳದಿಂದ ತನ್ನ ಹಳೆಯ ಅಂಗಿ ತೆಗೆದು ಕೊಡವಿದಳು. ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ತೊಡುವ ಗಂಡಸರ ದಪ್ಪ ಅರಿವೆಯ ಅಂಗಿ ಅದು. ಗೋಡೆಯ ಮೊಳೆಗೆ ತೂಗುಹಾಕಿ ರೊಟ್ಟಿ ಹಿಟ್ಟು ನಾದಲು ಕುಳಿತಳು. ಗಾಡಿ ಹೋದರೆ ಮತ್ತೆ ನಾಕಾವೇ ಗತಿ ಎಂದು ಆ ಅಂಗಿ ಹೇಳುತ್ತಿತ್ತು.

ನಾನೇ ಬೆಸೆಯುತ್ತೇನೆಂದು ಮಾರನೆಯ ದಿನ ಪಣಜಿಯ ವೆಲ್ಡಿಂಗ್ ಸಾಮಾನಿನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ನನ್ನ ಪ್ರಶ್ನೆಗಳಿಗೆ ಬೇಸತ್ತರೂ ತಾಳ್ಮೆಯಿಂದ ಹೇಳಿದ. ಗಾಡಿಯ ತೆಳು ತಗಡಿಗೆ ತಂತಿ ತಾನಾಗಿ ಬರುವ, ಗ್ಯಾಸಿನ ಮಶೀನೇ ಉತ್ತಮ. ಆದರೆ ಸಿಲಿಂಡರ್ ಬೇಕು, ಅದನ್ನು ಹೊಂದಿಸಲು ಬರಬೇಕು. ಮನೆಯ ಕರೆಂಟಿಗೆ, ಹೊಸ ಕೈಗೆ, ಹೆಗಲಿಗೆ ತೂಗುಹಾಕಿಕೊಳ್ಳುವಷ್ಟು ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮಶೀನು ಸಾಕು. ಕರೆಂಟು ತೀರ ಕಡಿಮೆಗೆ ಇಳಿಯುತ್ತದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಬೇಕು. ಕಡ್ಡಿ ಸಿಗುವುದರಲ್ಲೇ ಸಣ್ಣದಿರಬೇಕು. ಮುಖವಾಡ, ತೊಗಲಿನ ಕೈಗವಸು ಬಿಡುವ ಹಾಗಿಲ್ಲ. ಮಶೀನು, ಒಂದು ಪೊಟ್ಟಣ ಕಡ್ಡಿ ಕೊಂಡೆ; ಕೈ ಪಳಗಿಸಿಕೊಳ್ಳಲು ಅವನು ನಾಲ್ಕಾರು ಬಿಡಿ ಕಡ್ಡಿಗಳನ್ನೂ ಕೊಟ್ಟ. ಅವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಮನೆಯಲ್ಲಿ ಅವ್ವ ಮಶೀನು ಮುಟ್ಟಗೊಡಲಿಲ್ಲ. ಹೊಸ ಕಬ್ಬಿಣ ಪೂಜೆಯಿಲ್ಲದೆ ಹಚ್ಚಬಾರದು ಎಂದಳು. ಎಲ್ಲಮ್ಮನ ಫೋಟೋದ ಮುಂದೆ ಮಶೀನಿಟ್ಟು, ಪೊಟ್ಟಣ ಬಿಚ್ಚಿ, ಕಡ್ಡಿಗಳನ್ನು ತಾಟಿನಲ್ಲಿ ಬೀಸಣಿಗೆಯಂತೆ ಹರಡಿದಳು. ಅರಿಶಿನ, ಕುಂಕುಮ ಹಚ್ಚಿದಳು, ನೀರು ಚಿಮುಕಿಸಿದಳು. ಒಡೆದ ಕಾಯಿಯ ಹೋಳುಗಳನ್ನೂ ಅದೇ ತಾಟಿನಲ್ಲಿಟ್ಟಳು. ನಾನೂ ಕೈ ಮುಗಿದು ನಿಂತೆ. ಆ ಹೊತ್ತಿಗೆ ನನಗೆ ಯಾರ ಸಹಾಯವಾದರೂ ಬೇಕಿತ್ತು.

ಶನಿವಾರ ರಜೆ ಹಾಕಿದೆ. ಅಂಗಳಕ್ಕೆ ತಾಡಪತ್ರಿ ಕಟ್ಟಿ, ಬ್ಯಾಟರಿಯ ತಂತಿ ಬಿಚ್ಚಿ, ಸೀಟು ಇಳಿಸಿದೆ. ಪೆಟ್ರೋಲ್ ಟ್ಯಾಂಕಿನ ಕಡೆಗೆ ಒದ್ದೆ ಗೋಣಿಚೀಲ ಹೊದಿಸಿ ಬಕೆಟ್ಟು ನೀರು ತುಂಬಿಟ್ಟೆ. ನನ್ನ ಅಂಗಿಗಳೆಲ್ಲ ಟೆರಿಕಾಟಿನವು. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತವೆ. ಗೀತಾಂಜಲಿ ಮೊಳೆಯಿಂದ ಆ ದಪ್ಪ ಅಂಗಿ ತೆಗೆದು ನನ್ನ ಕೈಗಿಟ್ಟಳು.

ಜೇಬಿನ ಕಡ್ಡಿಗಳಿಂದ ಎಣ್ಣೆ ಡಬ್ಬಿಯ ತಗಡಿನ ಮೇಲೆ ಅಭ್ಯಾಸ ಮಾಡಿದೆ. ಮೊದಲು ಬರೀ ತೂತು ಬಿದ್ದವು. ಆಮೇಲೆ ಗೆರೆ ಎಳೆಯಬಾರದು, ರಂಗೋಲಿಗೆ ಇಡುವಂತೆ ಚುಕ್ಕೆ ಇಡಬೇಕು, ಒಂದು ಚುಕ್ಕೆ ಆರಿದ ಮೇಲೆ ಇನ್ನೊಂದು ಎಂಬುದು ಕೈಗೆ ತಿಳಿಯಿತು. ಎರಡು ತುಂಡು ತಗಡು ಚಲೋ ಕೂಡಿಕೊಂಡವು. ಸುತ್ತಿಗೆಯಿಂದ ಬಡಿದರೂ ಬಿಡಲಿಲ್ಲ. ಧೈರ್ಯ ಬಂತು.

ಮುಖ್ಯವಾದದ್ದನ್ನು ಮೊದಲು ಮುಗಿಸೋಣವೆಂದು ಬೆಲ್ಟಿನ ಜಾಗಕ್ಕೇ ಕೈ ಹಾಕಿದೆ, ಪೂಜೆಯ ತಾಟಿನ ಕಡ್ಡಿ ತೆಗೆದುಕೊಂಡು. ಕಂಬದ ಒಳಗೆ ದಪ್ಪ ಪಟ್ಟಿ ಕೂರಿಸಿ ಬೆಸೆದೆ. ಕಡ್ಡಿ ಸಿಡಿಯಿತು, ಅಂಟಿತು, ಕೆಮ್ಮಿತು. ಬೆಸುಗೆ ದೋಸೆಯ ಮೈಯಂತೆ ತೂತು ತೂತು. ತಪ್ಪು ನನ್ನ ಹೊಸ ಕೈಯದೆಂದುಕೊಂಡೆ. ಅದರ ಮೇಲೆ ಇನ್ನೊಂದು ಸುತ್ತು ಬೆಸೆದೆ, ಮತ್ತೊಂದು. ಕೊನೆಗೆ ಹೊರಗಿನಿಂದ ತಗಡು ಮುಚ್ಚಿ ಅದನ್ನೂ ಬೆಸೆದೆ. ಒಳಗಿನದು ಕಣ್ಣಿಗೆ ಮರೆಯಾಯಿತು.

ತಳದ ಕೆಲಸ ಶುರುಮಾಡಿದಾಗ ಗೀತಾಂಜಲಿ ಬೆನ್ನು ತಿರುಗಿಸಿ ಹತ್ತಿರ ನಿಂತಿದ್ದಳು. ಬೆಳಕು ನೋಡಬೇಡ ಎಂದು ನಾನೇ ಹೇಳಿದ್ದೆ. ನೋಡದ್ದರಿಂದಲೇ ಆಕೆಗೆ ಕೇಳಿಸಿತೇನೋ.

“ರೀ, ಮುಂಜಾನೆ ಹಿಂಗ ಸಪ್ಪಳ ಇರಲಿಲ್ಲ. ಹಸಿ ಕಟಗಿ ಒಲಿಗೆ ಹಾಕಿದಂಗ ಚರ್ ಅನ್ನಾಕತ್ತೈತಿ.”

ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಮೇಲಿನ ಮಸಾಲೆಯ ಲೇಪ ಪೂಜೆಯ ಅರಿಶಿನ, ನೀರು ಕುಡಿದು ಹಳದಿಯಾಗಿತ್ತು, ಉಗುರು ಒತ್ತಿದರೆ ಉದುರುತ್ತಿತ್ತು. ನಮ್ಮ ಸ್ಟೋರಿನಲ್ಲಿ ಕಡ್ಡಿಗಳ ಕಪಾಟಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಯುತ್ತದೆ. ಹುಡುಕಲು ಬೆಳಕಿರಲಿ ಎಂದು ಇಟ್ಟಿದ್ದಾರೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಶಾಖಕ್ಕೆ, ಕಡ್ಡಿಗೆ ಥಂಡಿ ಹಿಡಿಯಬಾರದೆಂದು.

ಗೀತಾಂಜಲಿ ರೊಟ್ಟಿಯ ಹಂಚನ್ನು ಒಲೆಗೇರಿಸಿ ಉಳಿದ ಕಡ್ಡಿಗಳನ್ನು ಅದರ ಮೇಲೆ ಹೊರಳಿಸುತ್ತ ಕುಳಿತಳು. ಅವ್ವ ಒಳಗೆ ಬಂದವಳು ನಿಂತು ನೋಡಿದಳು.

“ಇವತ್ತ ಕಬ್ಬಿಣದ ರೊಟ್ಟೀನ ಉಣ್ಣೂದೇನವಾ?”

ಗೀತಾಂಜಲಿ ನಕ್ಕಳು. ಆ ವಾರದಲ್ಲಿ ಆಕೆ ನಕ್ಕದ್ದು ಅದೊಂದೇ ಸಲ. ಪೂಜೆಯ ನೀರಿಗೆ ಕಡ್ಡಿ ಹಸಿಯಾದವೆಂದು ಅವ್ವನಿಗೆ ನಾವಿಬ್ಬರೂ ಹೇಳಲಿಲ್ಲ.

ಒಣಗಿದ ಕಡ್ಡಿಗಳು ಮಾತು ಕೇಳಿದವು. ತಳದ ತಗಡು ಚುಕ್ಕೆ ಚುಕ್ಕೆಯಾಗಿ ಕೂಡಿಕೊಂಡಿತು. ಆದರೆ ನನ್ನ ಜೀವ ಕಂಬದ ಬುಡದಲ್ಲಿತ್ತು. ಬಿಚ್ಚಿ ಮತ್ತೆ ಮಾಡೋಣವೆಂದು ಕಬ್ಬಿಣ ಕೊಯ್ಯುವ ಗ್ರೈಂಡರ್ ಹಚ್ಚಿದೆ. ಹಚ್ಚಿದ ಕೂಡಲೇ ಹಿಂದಿನ ಹಳೆಯ ತಗಡು ಹರಿಯತೊಡಗಿತು. ಇನ್ನಷ್ಟು ಕೊಯ್ದರೆ ಬೆಸೆಯಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೊರಗಿನ ಅಂಚಿಗೆ ಮಾತ್ರ ಒಣ ಕಡ್ಡಿಯಿಂದ ಬಿಗಿಯಾಗಿ ಬೆಸೆದೆ. ಆಮೇಲೆ ಮೂವರೂ ಬೆಲ್ಟು ಹಿಡಿದು, ಅವ್ವ ಕಾಲು ಊರಿ ಹಿಂದಕ್ಕೆ ವಾಲಿ, ಜಗ್ಗಿದೆವು. ಗಾಡಿ ಅಲುಗಾಡಿತು, ಬೆಸುಗೆ ಬಿಡಲಿಲ್ಲ.

ಅದು ಸಾಲದು ಎಂದು ನನಗೆ ಗೊತ್ತಿತ್ತು. ಮೂವರು ಜಗ್ಗುವುದು ಬೇರೆ, ಓಡುವ ಗಾಡಿ ಇನ್ನೊಂದಕ್ಕೆ ಗುದ್ದುವುದು ಬೇರೆ. ಅವ್ವ ಒಳಗೆ ಹೋದ ಮೇಲೆ ಗೀತಾಂಜಲಿಗೆ ಹೇಳಿದೆ.

“ಒಳಗಿಂದು ಹಸಿ ಕಡ್ಡೀಲೆ ಮಾಡಿದ್ದು. ಹಿಡದೈತೋ ಇಲ್ಲೋ ಹೇಳಾಕ ಬರಾಂಗಿಲ್ಲ. ನೀ ಬ್ಯಾಡಂದ್ರ ಗಾಡಿ ಪಾಸಿಂಗಿಗೆ ಒಯ್ಯಾಂಗಿಲ್ಲ.”

ಆಕೆ ಬೆಲ್ಟಿನ ತುದಿಯನ್ನು ಕೈಗೆ ಸುತ್ತಿಕೊಂಡು ಬಿಚ್ಚಿದಳು.

“ನಾಕಾದಾಗ ನಿಂತಾಗ ನನಗ ಯಾವ ಬೆಲ್ಟ್ ಇತ್ರಿ?” ಎಂದಳು. ಆಮೇಲೆ ಮೆಲ್ಲಗೆ, “ಸಾವಕಾಶ ಹೊಡಿತೀನಿ. ಒಯ್ಯೂಣು.”

ಸೋಮವಾರ ತಪಾಸಣೆಯ ಸಾಹೇಬರು ತಳಕ್ಕೆ ಸುತ್ತಿಗೆ ಬಡಿದರು, ಟಾರ್ಚು ಹಾಕಿ ನೋಡಿದರು. ಬೆಲ್ಟಿನ ಕಡೆ ಇನ್ನೊಮ್ಮೆ ನೋಡಿ ಎಂದು ನಾನೇ ಹಿಂದಿಯಲ್ಲಿ ಕೇಳಿಕೊಂಡೆ. ಅವರು ಎರಡೂ ಕೈಯಿಂದ ಜಗ್ಗಿ, ತಲೆಯಾಡಿಸಿ, ಪಾಸ್ ಮಾಡಿದರು. ಅವ್ವ ಎಲ್ಲಮ್ಮನಿಗೆ ಇನ್ನೊಂದು ಕಾಯಿ ಒಡೆದಳು. ಕಿಡಿ ಬಿದ್ದು ಜಾಳಾದ ಆ ಅಂಗಿಯನ್ನು ಗೀತಾಂಜಲಿ ಹಂಚು ಇಳಿಸುವ ಅರಿವೆ ಮಾಡಿಕೊಂಡಳು.

ಚೌತಿ ಮುಗಿದ ಮೇಲೆ ಥಾವರಪ್ಪನಿಗೆ ತೋರಿಸಿದೆ. ಅವನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ.

“ಹೊರಗಿಂದು ಚಲೋ ಐತ್ರಿ. ಒಳಗಿಂದು ಕೊಯ್ದ ನೋಡಬೇಕು. ಕೊಯ್ದ್ರ ಕಂಬ ಉಳಿಯಾಂಗಿಲ್ಲ.”

ಈಗ ದಿನಾ ಬೆಳಿಗ್ಗೆ ಆಕೆ ರೊಟ್ಟಿಯ ಬುಟ್ಟಿಗಳನ್ನು ಇಟ್ಟು, ಬೆಲ್ಟು ಎಳೆದು ಸಿಕ್ಕಿಸುತ್ತಾಳೆ. ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಸಾವಕಾಶ ಎನ್ನುತ್ತೇನೆ, ಹೂಂ ಎನ್ನುತ್ತಾಳೆ. ಗಾಡಿ ಇಳಿಜಾರು ಇಳಿದು ತಿರುವಿನಲ್ಲಿ ಮರೆಯಾಗುತ್ತದೆ. ಒಳಗಿನ ಬೆಸುಗೆ ಹಿಡಿದಿದೆಯೋ ಇಲ್ಲವೋ, ಇದನ್ನು ಬರೆಯುತ್ತಿರುವ ಈ ಹೊತ್ತಿನವರೆಗೂ ನನಗೆ ಗೊತ್ತಿಲ್ಲ.