ಮಿಂಚುಳ್ಳಿಗೆ ಇಟ್ಟ ಫೋಕಸ್

ಪರದೆ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಒಗೆದು ಒಗೆದು ಒಂದು ಗೇಣು ಮೇಲೇರಿತ್ತು. ಹಾಗಾಗಿ ಅಂಗಡಿಗೆ ಬಂದವರ ಮುಖ ಅವಳಿಗೆ ಕಾಣದಿದ್ದರೂ ಕಾಲುಗಳು ಕಾಣುತ್ತಿದ್ದವು. ಮದುವೆ ಫೋಟೋದವರ ಹೊಳೆಯುವ ಬೂಟು, ಕಾಲೇಜು ಹುಡುಗರ ಸವೆದ ಚಪ್ಪಲಿ, ಶನಿವಾರ ಸಂಜೆಯಾದರೆ ನರ್ಸಮ್ಮನ ಬಿಳಿ ಕ್ಯಾನ್ವಾಸ್ ಶೂ.

ಅದು ಕ್ಯಾಮೆರಾಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಮುಂದೆ ಕೌಂಟರಿನಲ್ಲಿ ಸೋದರಮಾವ, ಪರದೆಯ ಹಿಂದೆ ಅವಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದವಳಿಗೆ ಮಾವ, ‘ಸುಮ್ನೆ ಕೂರೋ ಬದ್ಲು ಲೆನ್ಸ್ ಒರೆಸು’ ಎಂದು ಒಂದು ಸ್ಟೂಲು ಹಾಕಿಕೊಟ್ಟಿದ್ದ. ಕೂತವಳು ಕೂತೇಬಿಟ್ಟಳು. ‘ಹೂಂ ಮಾವ’, ‘ಆಯ್ತು ಮಾವ’, ‘ಚಾರ್ಜಿಗಿಟ್ಟಿದೀನಿ ಮಾವ’ ಇಷ್ಟರಲ್ಲಿ ಅವಳ ದಿನದ ಮಾತು ಮುಗಿಯುತ್ತಿತ್ತು. ದೂರದ ಊರಿಗೆ ಮದುವೆಯಾಗಿ ಹೋದ ಅಕ್ಕ ಕೂಡ ಫೋನು ಮಾಡುತ್ತಿದ್ದುದು ಮಾವನಿಗೇ. ‘ಅವಳಿಗೆ ಕೊಟ್ರೆ ಬರೀ ಉಸಿರಾಡ್ತಾಳೆ, ಮಾವ’ ಎನ್ನುವುದು ಅಕ್ಕನ ದೂರು. ಮಾವ ಅವಳನ್ನು ಗೂಬೆಮರಿ ಎಂದು ಕರೆಯುತ್ತಿದ್ದ. ಅದರಲ್ಲಿ ಮುದ್ದೂ ಇತ್ತು, ಬೈಗುಳವೂ ಇತ್ತು.

ವಾಪಸು ಬಂದ ಕ್ಯಾಮೆರಾದ ಫೋಟೋಗಳನ್ನು ಮಾವ ಗಿರಾಕಿಯ ಪೆನ್‌ಡ್ರೈವಿಗೆ ಹಾಕಿಕೊಟ್ಟು, ಕ್ಯಾಮೆರಾವನ್ನು ಪರದೆಯ ಸಂದಿಯಿಂದ ಒಳಗೆ ತಳ್ಳುತ್ತಿದ್ದ. ಕಾರ್ಡು ಅಳಿಸಿ, ಸೆಟ್ಟಿಂಗುಗಳನ್ನೆಲ್ಲ ಕಂಪನಿಯಿಂದ ಬಂದ ಹಾಗೆ ಮಾಡಿ, ಒರೆಸಿ ಇಡುವುದು ಅವಳ ಕೆಲಸ. ಅಳಿಸುವ ಮುಂಚೆ ಒಂದು ಸಲ ನೋಡುವುದು ಮಾತ್ರ ಅವಳು ತಾನಾಗಿ ಮಾಡಿಕೊಂಡ ಅಭ್ಯಾಸ. ಯಾರದೋ ಮದುವೆ, ಯಾರದೋ ಮಗು, ಯಾರದೋ ನಾಯಿ. ಅವರೆಲ್ಲ ಅವಳತ್ತ ನೋಡಿ ನಗುವವರು, ಗುಂಡಿ ಒತ್ತಿದರೆ ಇಲ್ಲವಾಗುವವರು.

ನರ್ಸಮ್ಮನ ಕಾರ್ಡಿನಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಊರ ಹೊರಗಿನ ಹಳೆಯ ಕಲ್ಲುಗಣಿಯ ಹೊಂಡ, ಅದರ ಸುತ್ತ ಜೊಂಡು, ಕಪ್ಪುಬಿಳುಪಿನ ಒಂದು ಮಿಂಚುಳ್ಳಿ. ನೀರಿನ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು, ಮೀನು ಕಂಡೊಡನೆ ತಲೆಕೆಳಗಾಗಿ ಬೀಳುವ ಹಕ್ಕಿ. ಅದು ಮೀನು ಕಚ್ಚಿಕೊಂಡು ನೀರಿನಿಂದ ಮೇಲೇಳುವ ಕ್ಷಣ ನರ್ಸಮ್ಮನಿಗೆ ಬೇಕಿತ್ತು.

“ಅದೇ ಹಕ್ಕಿ, ಅದೇ ಹೊಂಡ. ಬೇಜಾರಾಗಲ್ವಾ ಮೇಡಂ?” ಎಂದು ಮಾವ ಒಮ್ಮೆ ಕೇಳಿದ್ದ.

“ರಾತ್ರಿಯೆಲ್ಲ ಮಲಗಿರೋರನ್ನೇ ನೋಡ್ತೀನಿ. ಬೆಳಿಗ್ಗೆಯಾದ್ರೂ ಏಳೋದನ್ನ ನೋಡೋಣ ಅಂತ,” ಎಂದಿತ್ತು ಪರದೆಯಾಚೆಯ ದನಿ.

ಆ ಮಾತು ಅವಳಿಗೆ ಹಿಡಿಸಿಬಿಟ್ಟಿತು. ಆದರೆ ಆ ಫೋಟೋಗಳಲ್ಲಿ ಮಿಂಚುಳ್ಳಿ ಯಾವತ್ತೂ ಒಂದು ಬೂದು ಕಲೆ. ಅದರ ಹಿಂದಿನ ಜೊಂಡು ಮಾತ್ರ ಎಲೆ ಎಲೆಯೂ ಎಣಿಸುವ ಹಾಗೆ ಸ್ಪಷ್ಟ. ಹಕ್ಕಿ ಸ್ವಲ್ಪ ಅಲುಗಿದರೆ ಸಾಕು, ಫೋಕಸ್ ಅದನ್ನು ಬಿಟ್ಟು ಜೊಂಡಿಗೆ ಹಾರುತ್ತಿತ್ತು. ಚಿತ್ರಗಳನ್ನು ಒಂದರ ಹಿಂದೊಂದು ಸರಿಸುತ್ತ ಅವಳು ಗೊಣಗಿಕೊಂಡಳು: ‘ಅಯ್ಯೋ, ನಿಮ್ಮ ತಪ್ಪಲ್ಲ ಇದು. ಇದಕ್ಕೆ ಚಂಚಲ ಜಾಸ್ತಿ.’

ಮುಂದಿನ ಶನಿವಾರ ಬಿಳಿ ಶೂ ಕಾಣುವ ಮೊದಲೇ ಅವಳು ಆ ಕ್ಯಾಮೆರಾದ ಮೆನು ತೆರೆದು ಕೂತಿದ್ದಳು. ಆಟೋಫೋಕಸ್ ಹಿಡಿದದ್ದನ್ನು ಎಷ್ಟು ಬೇಗ ಬಿಡಬೇಕು ಎನ್ನುವುದಕ್ಕೆ ಒಂದು ಗೆರೆ ಇತ್ತು. ಅದನ್ನು ‘ಬಿಗಿ’ಯ ಕಡೆ ಸರಿಸಿದಳು. ಚಿತ್ರದ ತುಂಬ ಹುಡುಕುವ ಬದಲು ನಡುವಿನ ಸಣ್ಣ ಚೌಕದಲ್ಲಷ್ಟೇ ಹುಡುಕು ಎಂದಳು. ಹಕ್ಕಿಯ ಕಣ್ಣು ಗುರುತಿಸುವುದನ್ನು ಆನ್ ಮಾಡಿದಳು. ಇನ್ನೊಂದೂ ಮಾಡಬೇಕಿತ್ತು. ಫೋಕಸನ್ನು ಶಟರ್ ಗುಂಡಿಯಿಂದ ತೆಗೆದು ಹಿಂಬದಿಯ ಗುಂಡಿಗೆ, ಹೆಬ್ಬೆರಳಿಗೆ ಕೊಟ್ಟರೆ ನಿದ್ದೆಗೆಟ್ಟ ಕೈಗೆ ಎಷ್ಟೋ ಹಗುರ. ಆದರೆ ಅದನ್ನು ಬದಲಿಸಿದರೆ ಬದಲಿಸಿದೆ ಎಂದು ಹೇಳಬೇಕು. ಹೇಳುವುದೆಂದರೆ ಪರದೆ ಸರಿಸಬೇಕು. ಹೇಳದೆ ನಡೆಯುವಂಥವನ್ನು ಮಾತ್ರ ಅವಳು ಬದಲಿಸಿದಳು.

ಭಾನುವಾರ ಮಧ್ಯಾಹ್ನ ಕಾರ್ಡು ಬಂತು. ಮಿಂಚುಳ್ಳಿಯ ಕಣ್ಣಿನಲ್ಲಿ ಆಕಾಶದ ಚುಕ್ಕೆಯೊಂದು ಹೊಳೆಯುತ್ತಿತ್ತು. ಜೊಂಡು ಹಿಂದೆಲ್ಲೋ ಹಸಿರು ಹೊಗೆಯಂತಿತ್ತು.

“ಈ ಸಲ ಕ್ಯಾಮೆರಾ ಮಾತು ಕೇಳ್ತು ನೋಡಿ!” ಎಂದು ಆಚೆಯಿಂದ ನಗು ಕೇಳಿಸಿತು.

ಪರದೆಯ ಈಚೆ ಅವಳೂ ನಕ್ಕಳು. ಅಂದಿನಿಂದ ಅದು ಅವರಿಬ್ಬರ ಮಾತುಕತೆಯೆಂದೇ ಅವಳು ತಿಳಿದಳು. ಹಕ್ಕಿ ಬಲಕ್ಕೆ ತಪ್ಪಿಸಿಕೊಂಡರೆ ಅವಳು ಚೌಕವನ್ನು ಬಲಕ್ಕೆ ಸರಿಸುವಳು. ನರ್ಸಮ್ಮ ಮುಂದಿನ ವಾರ ಚೆಂದದ ಚಿತ್ರ ತರುವರು. ಪ್ರಶ್ನೆ ಬರುವುದು, ಉತ್ತರ ಹೋಗುವುದು. ಮಹಡಿಯ ಮೇಲಿನ ತನ್ನ ಕೋಣೆಯಲ್ಲಿ, ಪಕ್ಕದ ಕೋಣೆಯಿಂದ ಅತ್ತೆಯ ಟೀವಿಯ ಗಲಾಟೆ ಕೇಳುತ್ತ ಒಬ್ಬಳೇ ಊಟಕ್ಕೆ ಕೂತಾಗ, ಬರುವ ಶನಿವಾರ ಏನು ‘ಹೇಳಬೇಕು’ ಎಂದು ಯೋಚಿಸುವಳು. ಯೋಚಿಸುತ್ತ ಯೋಚಿಸುತ್ತ ತಟ್ಟೆಯ ಅನ್ನ ಆರಿಹೋಗುತ್ತಿತ್ತು.

ಆದರೂ ಆ ಒಂದು ಚಿತ್ರ ಸಿಕ್ಕಿರಲಿಲ್ಲ. ಹಕ್ಕಿ ನೀರಿಗೆ ಬಿದ್ದದ್ದು ಸಿಗುತ್ತಿತ್ತು, ಎದ್ದು ಹೋದ ಮೇಲಿನ ಅಲೆ ಸಿಗುತ್ತಿತ್ತು. ಏಳುವ ಕ್ಷಣದ್ದು ಮಾತ್ರ ಯಾವಾಗಲೂ ಮಸುಕು.

ಹೀಗಿರುವಾಗ ಒಂದು ಶನಿವಾರ ಬಿಳಿ ಶೂಗಳು ಕೌಂಟರಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತವು.

“ಇದೇ ಕೊನೆ ಸಲ, ಅಣ್ಣಾವ್ರೆ. ವರ್ಗಾವಣೆ ಆಯ್ತು. ನಾಳೆ ಸಂಜೆ ಹೊರಡ್ತಿದೀನಿ.”

“ಅಯ್ಯೋ, ನಿಮ್ಮ ಮಿಂಚುಳ್ಳಿ ಗತಿ?”

“ನಾಳೆ ಬೆಳಿಗ್ಗೆ ಸಿಕ್ರೆ ಸಿಕ್ತು. ಇಲ್ದಿದ್ರೆ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.”

ಒಳಗೆ ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೇ ನಿಂತಿತು.

“ಗೂಬೆಮರಿ, ರೆಡಿನಾ?” ಮಾವ ಕೂಗಿದ.

“ಒಂದೇ ನಿಮಿಷ, ಮಾವ.”

ಆ ಒಂದು ನಿಮಿಷದಲ್ಲಿ ಅವಳು ಇದುವರೆಗೆ ಮುಟ್ಟದಿದ್ದ ಒಂದು ಸಾಲು ತೆರೆದಳು. ಗುಂಡಿ ಒತ್ತಿದೊಡನೆ ಕ್ಯಾಮೆರಾ ಮೊದಲು ಕ್ಲಿಕ್ ಮಾಡಬೇಕೋ, ಫೋಕಸ್ ಖಚಿತವಾಗುವ ತನಕ ಕಾಯಬೇಕೋ ಎಂದು ಕೇಳುವ ಸಾಲು. ಮಸುಕಾದ ಚಿತ್ರಗಳೆಲ್ಲ ಅವಸರದ ಚಿತ್ರಗಳು ಎಂದು ಅವಳಿಗೆ ತೋರಿತು. ಕೊನೆಯ ದಿನ ಒಂದೂ ಹಾಳಾಗಬಾರದು. ‘ಕಾಯಿ’ ಎಂದಳು. ದಾರಕ್ಕೆ ಬಾಟಲಿಯ ಮುಚ್ಚಳ ಕಟ್ಟಿ ಟ್ಯೂಬ್‌ಲೈಟಿನ ಕೆಳಗೆ ತೂಗಿಬಿಟ್ಟು ಫೋಟೋ ಹೊಡೆದು ನೋಡಿದಳು. ಪ್ರತಿ ಚಿತ್ರವೂ ಕಣ್ಣಿಗೆ ಚುಚ್ಚುವಷ್ಟು ಸ್ಪಷ್ಟ. ಇದಕ್ಕಿಂತ ಒಳ್ಳೆಯ ಬೀಳ್ಕೊಡುಗೆ ತನ್ನಿಂದ ಆಗದು ಎಂದುಕೊಂಡು ಕ್ಯಾಮೆರಾವನ್ನು ಸಂದಿಯಿಂದ ಆಚೆ ತಳ್ಳಿದಳು.

ಮರುದಿನ ನಸುಕಿಗೆ ಎಚ್ಚರವಾಗಿ ಕಿಟಕಿ ತೆರೆದರೆ ಎದುರು ಮನೆಯೇ ಕಾಣುತ್ತಿರಲಿಲ್ಲ. ಬೀದಿ ತುಂಬ ಮಂಜು. ಮಂಜಿನಲ್ಲಿ ಯಾವ ಫೋಕಸ್ಸೂ ಪೂರ್ತಿ ಖಚಿತವಾಗುವುದಿಲ್ಲ. ಖಚಿತವಾಗದಿದ್ದರೆ, ತಾನು ಹೇಳಿಕಳಿಸಿದ ಪ್ರಕಾರ, ಕ್ಯಾಮೆರಾ ಕಾಯುತ್ತದೆ. ಕಾಯುತ್ತಲೇ ಇರುತ್ತದೆ. ನರ್ಸಮ್ಮನ ನಂಬರು ಮಾವನ ಫೋನಿನಲ್ಲಿತ್ತು, ಮಾವ ಮಲಗಿದ್ದ. ಬಾಗಿಲ ತನಕ ಹೋಗಿ ನಿಂತಳು. ಎಬ್ಬಿಸಿ ಏನೆಂದು ಹೇಳುವುದು? ‘ಮಾವ, ಯಾರೂ ಹೇಳದೆ ನಾನೇ…’ ಆ ವಾಕ್ಯದ ಕೊನೆ ಅವಳಿಗೆ ಸಿಗಲಿಲ್ಲ. ಹುಡುಕುತ್ತ ನಿಂತಿರುವಾಗಲೇ ಬಿಸಿಲು ಬಂತು.

ಮಧ್ಯಾಹ್ನ ಬಂದ ಶೂಗಳು ಬಿಳಿಯಾಗಿರಲಿಲ್ಲ. ಕಣಕಾಲಿನ ತನಕ ಕೆಸರು.

“ಕ್ಲಿಕ್ಕೇ ಆಗ್ಲಿಲ್ಲ, ಅಣ್ಣಾವ್ರೆ. ಬಂದಿತ್ತು. ನನ್ನ ಮುಂದೇನೇ ಬಿತ್ತು, ಮೀನು ಹಿಡಿದು ಎದ್ದಿತು. ಒತ್ತಿದೆ, ಒತ್ತಿದೆ, ಸತ್ತೋದ ಹಾಗಿತ್ತು ಕ್ಯಾಮೆರಾ.”

ಮಾವ ಕ್ಯಾಮೆರಾ ತೆಗೆದುಕೊಂಡು ಬೀದಿಯ ಕಡೆ ಹಿಡಿದ. ಟರ್‌ರ್‌ರ್ ಎಂದು ಸದ್ದಾಯಿತು.

“ನೋಡಿ ಮೇಡಂ, ಸಾಸಿವೆ ಸಿಡಿದ ಹಾಗೆ ಹೊಡೀತಿದೆ. ನಿದ್ದೆಗಣ್ಣಲ್ಲಿ ಬೇರೆ ಯಾವುದೋ ಗುಂಡಿ ಒತ್ತಿರ್ತೀರಿ ಬಿಡಿ.”

ಶೂಗಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟವು. ಮತ್ತೆ ಬಂದ ದನಿ ಬೇರೆಯಾಗಿತ್ತು, ತಗ್ಗಿತ್ತು.

“ಇರಬಹುದೇನೋ. ಈಚೆಗೆ ಕೈ ಜೋಮು ಹಿಡಿಯುತ್ತೆ. ಒತ್ತಿದೆ ಅಂತ್ಲೇ ಅನ್ಕೊಂಡಿದ್ದೆ. ಇದೇ ಕೈಯಲ್ಲಿ ರಾತ್ರಿ ಸೂಜಿ ಚುಚ್ತೀನಲ್ಲ, ದೇವ್ರೇ,” ಎಂದರು.

ಮಾವ ಏನೋ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪರದೆಯ ಉಂಗುರಗಳು ಕರ್ ಎಂದವು.

“ನಿಮ್ಮ ಕೈಯಲ್ಲ,” ಎಂದಳು ಅವಳು. ಮತ್ತೆ ಹೇಳಿದಳು. “ನಿಮ್ಮ ಕೈ ಸರಿಯಾಗಿದೆ. ನಾನೇ ಅದಕ್ಕೆ… ಫೋಕಸ್ ಆಗೋ ತನಕ ಕ್ಲಿಕ್ ಆಗ್ಬೇಡ ಅಂತ ಇಟ್ಟಿದ್ದೆ. ಮಂಜಿತ್ತಲ್ಲ. ಅದು ಕಾಯ್ತಾ ಇತ್ತು.”

ನರ್ಸಮ್ಮ ಅವಳನ್ನು ನೋಡಿದರು. ಅವಳು ಅಂದುಕೊಂಡದ್ದಕ್ಕಿಂತ ವಯಸ್ಸಾದ ಮುಖ, ಕಣ್ಣಿನ ಸುತ್ತ ಕಪ್ಪು. ಆ ಮುಖದಲ್ಲಿ ಗುರುತಿನ ಒಂದು ಎಳೆಯೂ ಇರಲಿಲ್ಲ.

“ಇದ್ಯಾರು?”

“ನನ್ನ ಅಕ್ಕನ ಮಗಳು, ಮೇಡಂ. ಒಳಗೇ ಇರ್ತಾಳೆ. ಏನೇ ಇದು, ನಿನ್ನನ್ನ ಯಾರು ಕೇಳಿದ್ರು?” ಎಂದ ಮಾವ.

“ಹೌದು, ಯಾರು ಕೇಳಿದ್ರು?” ಎಂದರು ನರ್ಸಮ್ಮ. ಅವರ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು.

“ಯಾರೂ ಕೇಳಲಿಲ್ಲ. ಮುಂಚೆನೂ ಕೇಳಿರಲಿಲ್ಲ. ಜೊಂಡಿಗೆ ಹೋಗ್ತಿತ್ತಲ್ಲ ಫೋಕಸ್, ಆವತ್ತಿಂದ ಪ್ರತಿ ಶನಿವಾರ ನಾನೇ ಸೆಟ್ಟಿಂಗ್ ಬದಲಿಸಿ ಇಡ್ತಿದ್ದೆ. ನಿಮಗೆ ಗೊತ್ತಾಗಿದೆ ಅಂತ ಅನ್ಕೊಂಡಿದ್ದೆ.”

“ನನಗೇನು ಗೊತ್ತಮ್ಮಾ? ಕ್ಯಾಮೆರಾ ನನ್ನ ಕೈಗೆ ಹೊಂದಿಕೊಳ್ತು ಅಂತಿದ್ದೆ.”

ಅಷ್ಟು ಶನಿವಾರಗಳ ಪ್ರಶ್ನೆಯೂ ತನ್ನದೇ, ಉತ್ತರವೂ ತನ್ನದೇ. ಒಳಗೆ ಹೋಗಿಬಿಡಬೇಕು ಅನ್ನಿಸಿತು. ಪರದೆ ಬೆನ್ನಿಗೇ ತಾಗುತ್ತಿತ್ತು.

ನರ್ಸಮ್ಮ ತಮ್ಮ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದರು. ಆಮೇಲೆ ಸ್ಟೂಲು ಎಳೆದು ಕೂತರು.

“ಹೋಗೋ ಊರಲ್ಲೂ ನೀರಿರುತ್ತೆ, ಹಕ್ಕಿ ಇರುತ್ತೆ, ಬಾಡಿಗೆಗೆ ಕ್ಯಾಮೆರಾನೂ ಸಿಗುತ್ತೆ. ಅಲ್ಲಿ ನೀನಿರಲ್ಲ. ಏನೇನು ಮಾಡಿದ್ದೆ, ಹೇಳು. ನಾನು ತಿರುಗಿ ಹೇಳ್ತೀನಿ, ತಪ್ಪಿದ್ರೆ ತಡಿ. ಡ್ಯೂಟಿ ಬದಲಾಗುವಾಗ ನಾವು ಹಂಗೇ ಮಾಡೋದು.”

ಅವಳು ಹೇಳತೊಡಗಿದಳು. ಮೊದಲು ತಡವರಿಸಿದಳು, ಆಮೇಲೆ ಕ್ಯಾಮೆರಾ ಕೈಗೆ ಬಂದ ಮೇಲೆ ಸರಾಗವಾಯಿತು. ಒಂದೊಂದನ್ನೂ ನರ್ಸಮ್ಮ ಮೆನುವಿನಲ್ಲಿ ತಾವೇ ಬದಲಿಸುತ್ತ, ಅವಳು ಹೇಳಿದ ಹಾಗೆಯೇ ತಿರುಗಿ ಹೇಳಿದರು.

“ಹಿಡಿತ ಬಿಗಿ, ಜೊಂಡು ಅಡ್ಡ ಬಂದ್ರೂ ಬಿಡಬಾರದು. ಚೌಕ ಸಣ್ಣದು. ಹಕ್ಕಿ ಕಣ್ಣು ಆನ್. ಫೋಕಸ್ ಹೆಬ್ಬೆರಳಿಗೆ, ತೋರುಬೆರಳಿಗೆ ಬರೀ ಕ್ಲಿಕ್. ಮಂಜಿದ್ರೆ…”

“ಮಂಜಿರಲಿ, ಇಲ್ದಿರಲಿ, ಮೊದಲು ಕ್ಲಿಕ್. ಮಸುಕಾದ್ರೆ ಆಗ್ಲಿ.”

“ಮೊದಲು ಕ್ಲಿಕ್, ಮಸುಕಾದ್ರೆ ಆಗ್ಲಿ.”

ತನ್ನ ಮಾತನ್ನು ಇನ್ನೊಬ್ಬರು ಹೀಗೆ ಒಂದಕ್ಷರ ಬಿಡದೆ ಎತ್ತಿಕೊಂಡದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಇನ್ನೂ ಹೇಳಲು ಏನಾದರೂ ಉಳಿದಿದೆಯೇ ಎಂದು ಹುಡುಕಿದಳು, ಥಟ್ಟನೆ ಏನೂ ಹೊಳೆಯಲಿಲ್ಲ. ನರ್ಸಮ್ಮ ಗಡಿಯಾರ ನೋಡಿ ಎದ್ದರು. “ಸಾಮಾನು ಕಟ್ಟಬೇಕು,” ಎಂದು ಮಾವನಿಗೆ ಕೈಮುಗಿದು, ಅವಳ ಕಡೆ ತಲೆಯಾಡಿಸಿ ಹೊರಟರು. ಕೋಪ ಪೂರ್ತಿ ಹೋಗಿತ್ತೋ ಇಲ್ಲವೋ ತಿಳಿಯಲಿಲ್ಲ.

ಅವಳು ಕ್ಯಾಮೆರಾ ಎತ್ತಿಕೊಂಡು ಲೆನ್ಸಿಗೆ ಮುಚ್ಚಳ ಹಾಕಲು ಹೋದಳು. ಬೆರಳು ಪಕ್ಕದ ಸಣ್ಣ ಸ್ವಿಚ್ಚಿಗೆ ತಾಗಿತು. ಹತ್ತಿರದ್ದನ್ನು ಬಿಟ್ಟು ದೂರದ್ದನ್ನಷ್ಟೇ ಹುಡುಕು ಎನ್ನುವ ಸ್ವಿಚ್ಚು. ಇದನ್ನು ಹೇಳಿರಲಿಲ್ಲ.

ಕ್ಯಾಮೆರಾ ಕೌಂಟರಿನ ಮೇಲಿಟ್ಟು ಹೊರಗೆ ಓಡಿದಳು. ನರ್ಸಮ್ಮ ಆಗಲೇ ರಸ್ತೆ ದಾಟಿ ಎದುರಿನ ಬಸ್‌ಸ್ಟಾಪಿನಲ್ಲಿದ್ದರು. ನಡುವೆ ಎಡೆಬಿಡದ ವಾಹನಗಳು.

“ಲೆನ್ಸ್ ಪಕ್ಕದ ಸ್ವಿಚ್ಚು!” ಎಂದು ಕೂಗಿದಳು.

ನರ್ಸಮ್ಮ ಈಚೆ ತಿರುಗಿ, ಕಿವಿಗೆ ಕೈ ಹಿಡಿದರು.

“ದೂರಕ್ಕೆ ಇಡಿ! ಲೆನ್ಸ್ ಪಕ್ಕದ ಸ್ವಿಚ್ಚು, ದೂರಕ್ಕೇ ಇಡಿ!”

ಹಣ್ಣಿನ ಅಂಗಡಿಯವನು ತೂಕ ನಿಲ್ಲಿಸಿ ನೋಡಿದ. ಸೈಕಲ್ಲಿನವನೊಬ್ಬ ಕಾಲೂರಿ ನಿಂತ. ಅತ್ತ ನರ್ಸಮ್ಮನ ತುಟಿ ಅಲುಗಿತು. ತಿರುಗಿ ಹೇಳುತ್ತಿದ್ದರೋ, ‘ಏನು?’ ಎನ್ನುತ್ತಿದ್ದರೋ. ಅಷ್ಟರಲ್ಲಿ ಬಸ್ಸು ಬಂದು ಅಡ್ಡ ನಿಂತಿತು. ಅದು ಸರಿದಾಗ ಸ್ಟಾಪಿನಲ್ಲಿ ಯಾರೂ ಇರಲಿಲ್ಲ.

ಮಾವ ಬಾಗಿಲಿಗೆ ಬಂದಿದ್ದ. “ಅಬ್ಬಾ, ಇಷ್ಟು ದೊಡ್ಡ ಗಂಟಲನ್ನ ಎಲ್ಲಿ ಬಚ್ಚಿಟ್ಟಿದ್ಯೇ? ಕೇಳಿಸ್ತಾ ಅವರಿಗೆ?”

“ಗೊತ್ತಿಲ್ಲ, ಮಾವ,” ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ರಸ್ತೆಯಲ್ಲೇ ನಿಂತಿದ್ದಳು.