ಅತ್ತೆಯ ಬುತ್ತಿ

ಅತ್ತೆ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಐವತ್ತು ದಿನ ಕಳೆಯುವವರೆಗೆ ಸೂತಕದವರು ಜಪಾನಿನ ಮಿಯಾಜಿಮ ದ್ವೀಪದ ದೇವರ ಹೆಬ್ಬಾಗಿಲು ದಾಟಬಾರದೆಂದು ಫುಸಾಯೆಗೆ ಗೊತ್ತಿತ್ತು. ಆದರೆ ಗೆಳತಿ ತೊಮೊಯೆ ಬಿಡಬೇಕಲ್ಲ! "ಮನೇಲಿ ಗೋಡೆ ನೋಡ್ತಾ ಕೂತ್ರೆ ಅತ್ತೆ ಎದ್ದು ಬರ್ತಾರೇನೇ? ನೀನು ಬಾಗಿಲು ದಾಟಬೇಡ, ಊಟ ಮಾಡ್ಕೊಂಡು ಬಂದ್ಬಿಡೋಣ" ಎಂದು ಎಳೆದುಕೊಂಡೇ ಬಂದಳು.

ತೊಮೊಯೆ ದರ್ಶನಕ್ಕೆ ಹೋದಳು. ಫುಸಾಯೆ ಹಿಂದಿನ ಓಣಿ ಹಿಡಿದು, ಅತ್ತೆ ವರ್ಷವರ್ಷವೂ ತನ್ನೊಂದಿಗೆ ಬಂದು ಉಣ್ಣುತ್ತಿದ್ದ ಹೋಟೆಲಿಗೆ ಬಂದು ಕೂತಳು. ಕೆಂಡದಲ್ಲಿ ಸುಟ್ಟ ಹಾವುಮೀನು ಹೊದಿಸಿದ ಬಿಸಿ ಅನ್ನ ಬಂತು. ಹಾಳಾದ್ದು, ತುಂಬಾ ರುಚಿಯಾಗಿತ್ತು. ಈ ಅನ್ನಕ್ಕಾಗಿ ಅತ್ತೆ ಬೇಸಿಗೆಯಿಂದಲೂ ಕೇಳುತ್ತಲೇ ಇದ್ದರು: "ಒಂದ್ಸಲ ಕರ್ಕೊಂಡು ಹೋಗಮ್ಮಾ." ಫುಸಾಯೆ ತಲೆ ಎತ್ತದೆ "ಆಯ್ತು" ಎಂದು ಬಟ್ಟೆ ಮಡಚುತ್ತಿದ್ದಳು.

ಹೋಟೆಲಿನ ಯಜಮಾನಿ ಗುರುತು ಹಿಡಿದಳು. "ಎಲ್ಲಿ, ಅಜ್ಜಿ ಬರ್ಲಿಲ್ವಾ?"

ಸತ್ತರು ಎನ್ನಬೇಕಿತ್ತು. ಆದರೆ ಸೂತಕದಲ್ಲಿ ಮೀನು ಚಪ್ಪರಿಸುತ್ತಾ ಕೂತ ಸೊಸೆ ಯಾವ ಬಾಯಲ್ಲಿ ಹಾಗೆನ್ನುವುದು?

"ಮಂಡಿನೋವು. ಮನೇಲಿದ್ದಾರೆ."

ಯಜಮಾನಿ ಲೊಚಗುಟ್ಟಿ ಒಳಗೆ ಹೋದಳು. ಅಜ್ಜಿಗೆ ಇಷ್ಟವೆಂದು ಗರಿಗರಿ ಬಾಲದ ತುಂಡುಗಳನ್ನೇ ಆರಿಸಿ, ಬುತ್ತಿ ಕಟ್ಟಿ ತಂದು ಫುಸಾಯೆಯ ಮಡಿಲಲ್ಲಿಟ್ಟಳು. ಅದರ ಬಿಸಿ ತೊಡೆಗೆ ತಾಗಿತು.

"ಆರೋದ್ರೊಳಗೆ ಕೊಟ್ಬಿಡಿ. ಮುಂದಿನ ಸಲ ಮಾತ್ರ ಅವರನ್ನ ಕರ್ಕೊಂಡೇ ಬರ್ಬೇಕು!"

"ಆಯ್ತು" ಎಂದಳು ಫುಸಾಯೆ, ತಲೆ ಎತ್ತದೆ.