ಖಾತುನಾಳ ಗುಡಾಣ

ರೆವಾಜ್ ಸಲಿಕೆ ಎತ್ತುವಷ್ಟರಲ್ಲಿ ಖಾತುನಾ ಹೋಗಿ ಗುಡಾಣದ ಕಲ್ಲುಮುಚ್ಚಳದ ಮೇಲೆ ನಿಂತುಬಿಟ್ಟಳು.

“ಇಳಿ ಕೆಳಗೆ. ಹುಡುಗಾಟಕ್ಕೆ ಹೊತ್ತುಗೊತ್ತು ಬೇಡ್ವಾ?” ಎಂದ ರೆವಾಜ್. “ಮೂರು ಗಂಟೆಗೆ ಮಣ್ಣು. ನಾಲ್ಕಕ್ಕೆ ಇನ್ನೂರು ಜನ ಊಟಕ್ಕೆ ಕೂತ್ಕೋತಾರೆ. ಅವರಿಗೇನು ಬಾವಿ ನೀರು ಕುಡಿಸ್ಲಾ?”

“ಇದು ಬೇಡ ಚಿಕ್ಕಪ್ಪ.”

“ಮತ್ಯಾವುದು? ಆ ಎರಡರಲ್ಲಿ ಇಣುಕಿ ನೋಡಿದೀಯಾ? ಒಂದು ಖಾಲಿ. ಇನ್ನೊಂದರಲ್ಲಿ ಇರೋದು ಪಾದ್ರಿ ಒಬ್ಬರಿಗೇ ಸಾಲಲ್ಲ.”

ರೆವಾಜನ ಅಣ್ಣ ಜಿಮ್ಷೆರ್ ನಾಲ್ಕು ದಿನದಿಂದ ಮೇಲಿನ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ಕೆಳಗೆ ಈ ಮರಾನಿಯಲ್ಲಿ, ಅಂದರೆ ವೈನ್ ಮನೆಯಲ್ಲಿ, ಅವನ ಮೂರು ಗುಡಾಣಗಳು ಕುತ್ತಿಗೆವರೆಗೆ ನೆಲದೊಳಗೆ ಹೂತುಕೊಂಡಿದ್ದವು. ಹೋದ ಸುಗ್ಗಿಯಲ್ಲಿ ಅವನಿಗೆ ಕಾಯಿಲೆ, ವೈನ್ ಕಡಿಮೆಯಾಗಿತ್ತು. ತುಂಬಿದ್ದದ್ದು ಮೂರನೆಯದು, ಎಂಟುನೂರು ಲೀಟರಿನದು. ಖಾತುನಾ ಹುಟ್ಟಿದ ವರ್ಷ ತುಂಬಿ, ಮುಚ್ಚಿ, ಅವಳ ಮದುವೆಗೆಂದು ಬಿಟ್ಟದ್ದು. ಖಾತುನಾಳಿಗೆ ಈಗ ನಲವತ್ತನಾಲ್ಕು. ಮದುವೆಯಾಗಲಿಲ್ಲ. ಅದಕ್ಕೊಂದು ದೊಡ್ಡ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ.

ಗಲಾಟೆ ಕೇಳಿ ತಾಯಿ ಲಾಮಾರಾ ಪೆಟ್ಟಿಗೆಯ ಪಕ್ಕದಿಂದ ಎದ್ದು ಬಂದಿದ್ದಳು. ಅವಳ ಹಿಂದೆಯೇ ಪಕ್ಕದ ಮನೆಯ ಝುಝುನಾ, ಕೈಯಲ್ಲಿ ಅನ್ನದ ಸೌಟು.

“ಮದುವೆ ವೈನನ್ನ ಸಾವಿನ ಊಟಕ್ಕೆ ಬಡಿಸ್ತೀಯಾ ರೆವಾಜ್?” ಎಂದಳು ಲಾಮಾರಾ. “ನನ್ನ ಮಗಳ ಬಾಳು ಮುಗೀತು ಅಂತ ಊರಿಗೆಲ್ಲ ಡಂಗುರ ಹೊಡೀತೀಯಾ?”

“ಅತ್ತಿಗೆ, ಅವಳಿಗೆ ನಲವತ್ತನಾಲ್ಕು ಆಯ್ತು.”

“ನನ್ನ ತಂಗಿಗೆ ಐವತ್ತೊಂದರಲ್ಲಿ ಆಗ್ಲಿಲ್ವಾ?” ಎಂದಳು ಝುಝುನಾ. “ಅದೂ ಎರಡನೇದು.”

“ನೀನು ಹೋಗಿ ಅನ್ನ ನೋಡ್ಕೊಳ್ಳಮ್ಮ, ತಳ ಹಿಡಿಯುತ್ತೆ.”

ಖಾತುನಾಳ ಚಿಂತೆ ಮದುವೆಯದಾಗಿರಲಿಲ್ಲ. ತೆಲಾವಿ ಪಟ್ಟಣದ ಪ್ರಯೋಗಾಲಯದಲ್ಲಿ ಅವಳು ಇಪ್ಪತ್ತು ವರ್ಷದಿಂದ ವೈನ್ ಪರೀಕ್ಷೆ ಮಾಡುತ್ತಿದ್ದಳು. ಗುಡಾಣದಲ್ಲಿ ನಲವತ್ತನಾಲ್ಕು ವರ್ಷ ಬಿಟ್ಟ ವೈನ್ ಏನಾಗಿರುತ್ತದೆಂದು ಅವಳಿಗೆ ಗೊತ್ತು. ಇನ್ನೂರು ಜನ ಮೊದಲ ಗುಟುಕಿಗೇ ಮುಖ ಕಿವಿಚಿಕೊಂಡು ಒಬ್ಬರನ್ನೊಬ್ಬರು ನೋಡುತ್ತಾರೆ. ಅಪ್ಪನ ಹತ್ತಿರ ಹೆಸರು ಹೇಳುವಂಥದ್ದು ಇದ್ದದ್ದು ವೈನ್ ಒಂದೇ. ಅವನು ಮಣ್ಣಿಗೆ ಹೋದ ದಿನವೇ ಆ ಹೆಸರೂ ಮಣ್ಣಿಗೆ ಹೋಗಬಾರದು.

“ನಾನೇ ತೆಗೀತೀನಿ,” ಎಂದಳು. “ಚೆನ್ನಾಗಿದ್ರೆ ಕೊಡ್ತೀನಿ. ಹುಳಿಯಾಗಿದ್ರೆ ಮುಚ್ಚಿಬಿಡ್ತೀನಿ. ಅಂಗಡಿಯಿಂದ ತರಿಸಿ.”

“ಅಂಗಡಿ ವೈನಾ? ಜಿಮ್ಷೆರ್ ಸಾವಿಗೆ? ಅದಕ್ಕಿಂತ ನನ್ನನ್ನೂ ಅವನ ಜೊತೆಗೇ ಹೂತುಬಿಡಿ! ಅಲ್ಲ, ಹೆಂಗಸು ಗುಡಾಣ ತೆಗೆಯೋದಾ? ನಿಮ್ಮಪ್ಪ ಒಪ್ತಿದ್ನಾ?”

“ಮೇಲೆ ಮಲಗಿದ್ದಾನೆ. ಹೋಗಿ ಕೇಳ್ಕೊಂಡು ಬಾ.”

ರೆವಾಜ್ ಸಲಿಕೆ ಬಿಸಾಡಿ ಹೊರಟುಹೋದ. ಹೆಂಗಸರೂ ಹೋದರು. ಉಳಿದವನು ಮುದುಕ ಒಮಾರಿ. ಊರಿನ ಗುಡಾಣಗಳನ್ನೆಲ್ಲ ಒಳಗಿಳಿದು ಉಜ್ಜಿ ತೊಳೆಯುವವನು ಅವನೇ. ಮುಚ್ಚಳ ಎತ್ತಲು ಒಬ್ಬರು ಬೇಕಲ್ಲ ಎಂದು ಗೋಡೆಗೆ ಒರಗಿ ನಿಂತಿದ್ದ. ಯಾಕೋ ಟೋಪಿ ತೆಗೆಯುತ್ತಿದ್ದ, ಮತ್ತೆ ಹಾಕಿಕೊಳ್ಳುತ್ತಿದ್ದ.

*

ಜಿಮ್ಷೆರ್ ಸರ್ಕಾರಿ ವೈನ್ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಅಲ್ಲಿ ಎಲ್ಲಕ್ಕೂ ಯೋಜನೆ, ಎಲ್ಲಕ್ಕೂ ಗುರಿ. ಆ ರೋಗವನ್ನು ಅವನು ಮನೆಗೂ ಅಂಟಿಸಿಕೊಂಡು ಬಂದ. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಮರಾನಿಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಮುಂದಿನ ವರ್ಷದ ಗುರಿಗಳನ್ನು ಬರೆಯುತ್ತಿದ್ದ. ಆದದ್ದಕ್ಕೆ ಒಂದು ಸರಿಗುರುತು. ಆಗದ್ದಕ್ಕೆ ಏನೂ ಇಲ್ಲ, ಮುಂದಿನ ವರ್ಷ ಅದನ್ನೇ ಮತ್ತೆ ಬರೆಯುವುದು.

“ಪಂಚವಾರ್ಷಿಕ ಯೋಜನೆ ಎಲ್ಲಿಗೆ ಬಂತು?” ಎಂದು ಲಾಮಾರಾ ಕೆಣಕುತ್ತಿದ್ದಳು. “ದೇಶ ಉದ್ಧಾರ ಆಯ್ತಾ?”

“ದೇಶದ್ದು ಗೊತ್ತಿಲ್ಲ ಕಣೇ. ಎರಡನೇ ಗುಡಾಣ ಸೋರೋದು ನಿಂತಿದೆ.”

ಚಿಕ್ಕವಳಿದ್ದಾಗ ಖಾತುನಾ ಅವನ ಪಕ್ಕ ನಿಂತು ಇದ್ದಿಲು ಹಿಡಿದುಕೊಳ್ಳುತ್ತಿದ್ದಳು. ಮೊದಲ ಸಾಲು ಯಾವಾಗಲೂ ಅವಳದೇ: ಖಾತುನಾಳ ಗುಡಾಣ ತೆರೆಯಬಾರದು. ಎರಡನೆಯದೂ ಬದಲಾಗುತ್ತಿರಲಿಲ್ಲ: ಮುಚ್ಚಳದ ಸುತ್ತಲಿನ ಮಣ್ಣಿಗೆ ದಿನಾ ನೀರು.

ಅವಳು ತ್ಬಿಲಿಸಿಯಲ್ಲಿ ಓದುತ್ತಿದ್ದಾಗ, ತೊಂಬತ್ಮೂರರ ಚಳಿಗಾಲದಲ್ಲಿ, ನ್ಯುಮೋನಿಯಾ ಆಯಿತು. ನಗರದಲ್ಲಿ ಕರೆಂಟಿಲ್ಲ, ಬ್ರೆಡ್ಡಿಲ್ಲ, ಬೀದಿಯಲ್ಲಿ ಬಂದೂಕು. ಅಪ್ಪ ಉಟ್ಟಬಟ್ಟೆಯಲ್ಲೇ ಬಂದ. ಮೂರು ವಾರ ಸೀಮೆಎಣ್ಣೆ ಒಲೆಯ ಪಕ್ಕ ಕೂತು ಅವಳಿಗೆ ಗಂಜಿ ಕುಡಿಸಿದ. ಊರಿನ ಕಡೆಯಿಂದ ಯಾರು ಬಂದರೂ “ಅಲ್ಲಿ ಮಳೆ ಬಂತಾ? ಹವಾ ಒಣಗಿದೆಯಾ?” ಎಂದು ಕೇಳುತ್ತಿದ್ದ. ಇವನಿಗೆ ಯಾವಾಗ ಮನೆ ಸೇರುತ್ತೇನೋ ಅನ್ನಿಸಿಬಿಟ್ಟಿದೆ ಎಂದು ಅವಳಿಗೆ ಬೇಸರವಾಗಿತ್ತು.

ಆ ವರ್ಷವೇ ಮರಾನಿಗೆ ಬೀಗ ಬಿತ್ತು. ಕಳ್ಳರ ಕಾಲ ಎಂದ. ಆಮೇಲೆ ಕಾಲ ಸರಿಹೋಯಿತು, ಬೀಗ ಹೋಗಲಿಲ್ಲ. ಅವಳಿಗೆ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ಅರ್ಧ ಕಣಿವೆ ಸೀಸೆ ಹಿಡಿದುಕೊಂಡು ಅವಳ ಬಾಗಿಲಿಗೆ ಬರತೊಡಗಿತು. ಸ್ವಂತ ಅಪ್ಪ ಮಾತ್ರ ಅವಳನ್ನು ಒಳಗೆ ಬಿಡಲಿಲ್ಲ.

“ಹೆಂಗಸರ ಕಾಲು ಬಿದ್ರೆ ವೈನ್ ಕದಡುತ್ತೆ,” ಎನ್ನುತ್ತಿದ್ದ.

“ಯಾವ ಕಾಲದ ಮಾತಪ್ಪ ಇದು?”

“ನಮ್ಮಜ್ಜನ ಕಾಲದ್ದು.”

ಅದಕ್ಕಾಗಿ ಒಂದು ವರ್ಷವಿಡೀ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳು.

*

ಕೀಲಿ ಇಂದು ಬೆಳಿಗ್ಗೆ ಅವನ ಕೋಟಿನ ಜೇಬಿನಲ್ಲಿ ಸಿಕ್ಕಿತ್ತು. ಇಪ್ಪತ್ತೈದು ವರ್ಷಗಳ ಮೇಲೆ ಖಾತುನಾ ಆ ಗೋಡೆಯ ಮುಂದೆ ನಿಂತು ಓದಿದಳು.

ತೊಂಬತ್ತೆರಡರವರೆಗೆ ಅದೇ ಹಳೆಯ ಸಾಲು. ತೊಂಬತ್ಮೂರರಲ್ಲಿ ಅದು ಬದಲಾಗಿತ್ತು: ಖಾತುನಾಳ ಗುಡಾಣ ತುಂಬಿರಬೇಕು. ಮುಂದೆ ಸರಿಗುರುತು. ಅಲ್ಲಿಂದ ಹೋದ ವರ್ಷದವರೆಗೂ ಅದೇ, ಪ್ರತಿವರ್ಷವೂ ಸರಿಗುರುತು. ಮೂರನೆಯದಾಗಿ ಒಂದು ಹೊಸ ಗುರಿ ಸೇರಿತ್ತು: ಖಾತುನಾಗೆ ಹೇಳಬೇಕು. ಅದೂ ಪ್ರತಿವರ್ಷ ಇತ್ತು. ಒಂದರ ಮುಂದೆಯೂ ಗುರುತಿರಲಿಲ್ಲ.

“ಏನು ಹೇಳಬೇಕು ಒಮಾರಿ ಮಾವ?”

“ಮೊದಲು ಮುಚ್ಚಳ ತೆಗಿ ಮಗಳೇ.”

ಮಣ್ಣು ಕೆದರಿದರು. ಕಲ್ಲನ್ನು ಇಬ್ಬರೂ ಸೇರಿ ಪಕ್ಕಕ್ಕೆ ಸರಿಸಿದರು. ಖಾತುನಾ ಮಂಡಿಯೂರಿ ಬಗ್ಗಿದಳು. ವಿನೆಗರಿನ ಘಾಟು ಮೂಗಿಗೆ ಹೊಡೆಯುತ್ತದೆಂದು ಉಸಿರು ಬಿಗಿಹಿಡಿದಿದ್ದಳು. ಬಿಟ್ಟು, ಎಳೆದುಕೊಂಡಳು. ಹಸಿ ವಾಲ್‌ನಟ್ ಸಿಪ್ಪೆಯ ವಾಸನೆ ಬಂತು. ಸೋರೆಬುರುಡೆಯ ಸೌಟಿನಿಂದ ಎತ್ತಿ ಕುಡಿದಳು. ಗುಟುಕನ್ನು ಬಾಯಲ್ಲೇ ಹೊರಳಿಸಿ ನುಂಗಿ, ಸೌಟು ಕೆಳಗಿಟ್ಟಳು.

“ಇದು ಹೋದ ಅಕ್ಟೋಬರಿನದು.”

ಒಮಾರಿ ಟೋಪಿ ತೆಗೆದ. ಈ ಸಲ ಹಾಕಿಕೊಳ್ಳಲಿಲ್ಲ. “ಹೌದು.”

“ನನ್ನ ವೈನ್ ಎಲ್ಲಿ ಮಾವ?”

“ತೊಂಬತ್ಮೂರರಲ್ಲೇ ಕೆಟ್ಟೋಯ್ತು. ನಿನಗೆ ಹುಷಾರಿಲ್ಲ ಅಂತ ಸುದ್ದಿ ಬಂದಾಗ ಗಡಿಬಿಡೀಲಿ ಹೊರಟುಬಿಟ್ಟ. ಮಣ್ಣಿಗೆ ನೀರು ಹಾಕು ಅಂತ ಯಾರಿಗೂ ಹೇಳ್ಲಿಲ್ಲ. ಮೂರು ವಾರ. ಮಣ್ಣು ಒಣಗಿ ಬಿರುಕು ಬಿಡ್ತು, ಗಾಳಿ ಹೊಕ್ತು. ಎಂಟುನೂರು ಲೀಟರ್ ವಿನೆಗರ್ರು. ನಾವಿಬ್ಬರೇ ಬಕೆಟ್‌ನಲ್ಲಿ ಹೊತ್ತು ಹಳ್ಳಕ್ಕೆ ಸುರಿದ್ವಿ. ನಿಮ್ಮಪ್ಪ ಅಳೋದನ್ನ ನಾನು ನೋಡಿದ್ದು ಅದೊಂದೇ ಸಲ.”

“ಆಮೇಲೆ?”

“ಆಮೇಲೇನು, ಪ್ರತಿವರ್ಷ ಇರೋದರಲ್ಲಿ ಒಳ್ಳೇದು ಇದಕ್ಕೆ. ಹಳೇದನ್ನ ಮನೆ ಖರ್ಚಿಗೆ ಪಕ್ಕದ ಗುಡಾಣಕ್ಕೆ. ‘ಅವಳು ಯಾವತ್ತು ಹೂಂ ಅಂದ್ರೂ ಅವತ್ತು ಒಳ್ಳೆ ವೈನ್ ಇರಬೇಕು ಒಮಾರಿ’ ಅಂತಿದ್ದ. ಹೋದ ವರ್ಷ ಒಂದಕ್ಕಾಗೋವಷ್ಟೇ ಇತ್ತು. ಇದನ್ನ ತುಂಬಿಸ್ದ.” ಒಮಾರಿ ಮೂಗು ಒರೆಸಿಕೊಂಡ. “ನಿನ್ನ ಮೂಗಿಗೆ ಹೆದರಿ ಒಳಗೆ ಬಿಡ್ತಿರಲಿಲ್ಲ. ಹೆಂಗಸರು ಗಿಂಗಸರು ಅನ್ನೋದೆಲ್ಲ ನೆಪ.”

“ಇಪ್ಪತ್ತೈದು ವರ್ಷ ಬಾಯಿ ಬಿಡ್ಲಿಲ್ವಲ್ಲ ನೀನು!”

“ತಾನೇ ಹೇಳ್ತೀನಿ ಅಂದಿದ್ನಲ್ಲ ನಿಮ್ಮಪ್ಪ. ಈ ವರ್ಷ ಹೇಳ್ತೀನಿ, ಈ ವರ್ಷ ಹೇಳ್ತೀನಿ ಅಂತ.”

ನಾಲ್ಕು ದಿನದಿಂದ ಬಾರದಿದ್ದ ಅಳು ಖಾತುನಾಳಿಗೆ ಆಗ ಬಂತು. ಗುಡಾಣದ ಬಾಯಿಗೆ ಕೈಯಾನಿಸಿ ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದು ರೆವಾಜನನ್ನು ಕರೆದಳು.

“ತುಂಬಿಸಿಕೊಂಡು ಹೋಗು ಚಿಕ್ಕಪ್ಪ. ಚೆನ್ನಾಗಿದೆ.”

*

ಮಣ್ಣು ಮಾಡಿ ಬಂದು ಜನ ಉದ್ದದ ಮೇಜುಗಳಿಗೆ ಕೂತರು. ರೆವಾಜನೇ ಎದ್ದು ಮಾತಾಡಿದ. ಸತ್ತವನ ಪಾಲೆಂದು ಬ್ರೆಡ್ಡಿನ ಮೇಲೆ ನಾಲ್ಕು ಹನಿ ವೈನ್ ಹಾಕಿ ಲೋಟ ಎತ್ತಿದ. ಸಾವಿನ ಊಟ, ಯಾರೂ ಲೋಟಕ್ಕೆ ಲೋಟ ತಾಕಿಸಲಿಲ್ಲ.

“ದೇವರು ಅವನನ್ನ ಕ್ಷಮಿಸಲಿ. ನಲವತ್ತನಾಲ್ಕು ವರ್ಷದ ವೈನ್ ಇದು! ನನ್ನಣ್ಣ ಒಂದು ದಿನಾನೂ ಮುಚ್ಚಳ ಮುಟ್ಟಿದವನಲ್ಲ!”

ಒಮಾರಿಗೆ ಕೆಮ್ಮು ಬಂತು.

“ಹಳೇದು ಅಂದ್ರೆ ಹಳೇದೇ,” ಎಂದ ಎದುರಿನ ಮುದುಕ, ಕಣ್ಣು ಮುಚ್ಚಿಕೊಂಡು. “ಈಗಿನವರು ಮಾಡೋದು ವೈನಾ? ಏನಮ್ಮ ಖಾತುನಾ, ಪರೀಕ್ಷೆ ಮಾಡೋಳು ನೀನು, ನೀನೇ ಹೇಳು.”

ರೆವಾಜನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಅವನಿಗೆ ತಿಳಿದರೆ ಸಂಜೆಯೊಳಗೆ ಕಣಿವೆಗೆಲ್ಲ ತಿಳಿದಂತೆ.

“ಇದಕ್ಕಿಂತ ಒಳ್ಳೆಯದು ನನ್ನ ಕೈಗೆ ಬಂದಿಲ್ಲ ತಾತ,” ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಪಕ್ಕದಲ್ಲಿ ಲಾಮಾರಾ ಒಂದು ಗುಟುಕು ಕುಡಿದು ಲೋಟವನ್ನೇ ನೋಡುತ್ತಿದ್ದಳು. “ನಾವು ವರ್ಷವರ್ಷ ಕುಡಿಯೋ ಥರಾನೇ ಇದೆ, ಅಲ್ವೇನೇ?” ಎಂದಳು ಮೆಲ್ಲಗೆ.

“ಹೌದಮ್ಮ. ಅದೇ ಥರ ಇದೆ.”

ಜನ ಚದುರುವ ಹೊತ್ತಿಗೆ ಬೆಳಕಿಳಿಯುತ್ತಿತ್ತು. ಅಂಗಳದಲ್ಲಿ ಝುಝುನಾ ಪಾತ್ರೆ ಉಜ್ಜುತ್ತಿದ್ದಳು. ಖಾತುನಾ ಮರಾನಿಗೆ ಹೋದಳು. ಗುಡಾಣದಲ್ಲಿ ವೈನ್ ಅರ್ಧಕ್ಕೆ ಇಳಿದಿತ್ತು. ಕಿಟಕಿಯ ಮೇಲಿನ ಡಬ್ಬಿಯಲ್ಲಿ ಅಪ್ಪನ ಇದ್ದಿಲಿನ ತುಂಡುಗಳು ಹಾಗೆಯೇ ಇದ್ದವು. ಒಂದನ್ನು ತೆಗೆದುಕೊಂಡು ಗೋಡೆಯ ಕೊನೆಯ ವರ್ಷದ ಹತ್ತಿರ ಹೋದಳು. ‘ಖಾತುನಾಗೆ ಹೇಳಬೇಕು’ ಎಂದಿದ್ದ ಕಡೆ, ಅವನು ಹಾಕುತ್ತಿದ್ದ ಹಾಗೆಯೇ ಬಾಲ ಉದ್ದ ಮಾಡಿ, ಒಂದು ಸರಿಗುರುತು ಹಾಕಿದಳು.